ದ್ರಾಕ್ಷಿ ತೋಟದಲ್ಲಿ ದುಡಿದು ಓದಿದ ಲೋಕನಾಯಕ

1922ರ ಅಕ್ಟೋಬರ್ 8. ಬಿಹಾರದ ಹಳ್ಳಿಯೊಂದರಿಂದ ಹೊರಟಿದ್ದ ಯುವಕನೊಬ್ಬ ಅಂದು ಅಮೆರಿಕದ ಕ್ಯಾಲಿಫೋರ್ನಿಯಾ ತೀರವನ್ನು ಮುಟ್ಟಿದ. ಇಪ್ಪತ್ತು ವರ್ಷ ತುಂಬಲು ಇನ್ನೂ ಮೂರು ದಿನ ಬಾಕಿ ಇತ್ತು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದುವುದು ಅವನ ಗುರಿ. ಆದರೆ ತರಗತಿಗೆ ಸೇರಲು ಸಾಧ್ಯವಾಗಿದ್ದು ಜನವರಿಯಲ್ಲಿ. ಅಲ್ಲಿಯವರೆಗಿನ ಮೂರು ತಿಂಗಳು ಹೊಟ್ಟೆ ತುಂಬಬೇಕು, ಶುಲ್ಕಕ್ಕೆ ಹಣ ಕೂಡಬೇಕು. ಪುಸ್ತಕ ಹಿಡಿಯಲು ಬಂದ ಕೈಗಳು ಮೊದಲು ಹಿಡಿದದ್ದು ದ್ರಾಕ್ಷಿಯ ಗೊಂಚಲನ್ನು.

ಆ ಯುವಕನ ಹೆಸರು ಜಯಪ್ರಕಾಶ ನಾರಾಯಣ. ಐದು ದಶಕಗಳ ನಂತರ ದೇಶವೇ ಅವರನ್ನು ಲೋಕನಾಯಕ ಎಂದು ಕರೆಯಿತು. 1942ರ ಭೂಗತ ಹೋರಾಟದ ನಾಯಕರಾಗಿ, 1974ರ ಬಿಹಾರ ಚಳವಳಿಯ ಸೂತ್ರಧಾರರಾಗಿ, ತುರ್ತು ಪರಿಸ್ಥಿತಿಯ ವಿರುದ್ಧ ನಿಂತ ವೃದ್ಧ ಸೇನಾನಿಯಾಗಿ ಜೆ.ಪಿ. ಎಲ್ಲರಿಗೂ ಗೊತ್ತು. ಆದರೆ ಸಂಬಳದ ಚೀಟಿಗಾಗಿ ಕಾಯುತ್ತಿದ್ದ, ಶುಲ್ಕ ಹೆಚ್ಚಾದಾಗ ಊರು ಬಿಟ್ಟು ಊರಿಗೆ ಹೋಗುತ್ತಿದ್ದ ಪರದೇಶಿ ವಿದ್ಯಾರ್ಥಿ ಜೆ.ಪಿ.ಯ ಪರಿಚಯ ಅಷ್ಟಾಗಿ ಇಲ್ಲ. 1922ರಿಂದ 1929ರವರೆಗಿನ ಆ ಏಳು ವರ್ಷಗಳನ್ನು ಬಿಟ್ಟರೆ ಅವರ ಮುಂದಿನ ಬದುಕು ಪೂರ್ತಿಯಾಗಿ ಅರ್ಥವಾಗುವುದಿಲ್ಲ.

ನದಿ ದಡದ ಹುಡುಗ

ಜಯಪ್ರಕಾಶರು ಹುಟ್ಟಿದ್ದು 1902ರ ಅಕ್ಟೋಬರ್ 11ರಂದು, ಸೀತಾಬ್ ದಿಯಾರಾ ಎಂಬ ಗ್ರಾಮದಲ್ಲಿ. ಬಿಹಾರ ಮತ್ತು ಉತ್ತರ ಪ್ರದೇಶಗಳ ಗಡಿಯಲ್ಲಿರುವ ಈ ಊರಿಗೆ ಘಾಘ್ರಾ ನದಿಯ ಪ್ರವಾಹ ಹೊಸದಲ್ಲ. ತಂದೆ ಹರಸೂ ದಯಾಳ್ ನೀರಾವರಿ ಕಾಲುವೆ ಇಲಾಖೆಯಲ್ಲಿ ಕಿರಿಯ ಅಧಿಕಾರಿ. ತಾಯಿ ಫೂಲ್ ರಾಣಿ. ತಲೆಮಾರುಗಳಿಂದ ಅಕ್ಷರವನ್ನೂ ಕಚೇರಿ ಕೆಲಸವನ್ನೂ ನೆಚ್ಚಿಕೊಂಡು ಬಂದ ಕಾಯಸ್ಥ ಸಮುದಾಯದ ಕುಟುಂಬ ಅದು. ಮೈಮುರಿದು ಕೂಲಿ ಮಾಡುವುದು ಅಂತಹ ಮನೆಯ ಮಕ್ಕಳ ಪಾಲಿಗೆ ಬರುವ ಕೆಲಸವಾಗಿರಲಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಬಾಲಕ ಹಳ್ಳಿ ಬಿಟ್ಟು ಪಟ್ನಾದ ಶಾಲೆಗೆ ಸೇರಿದ. ಓದಿನಲ್ಲಿ ಮುಂದಿದ್ದ ಜಯಪ್ರಕಾಶರು ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಪಟ್ನಾ ಕಾಲೇಜಿನಲ್ಲಿ ವಿಜ್ಞಾನ ಆರಿಸಿಕೊಂಡರು. 1920ರ ಅಕ್ಟೋಬರ್‌ನಲ್ಲಿ ಪ್ರಭಾವತಿ ದೇವಿ ಅವರೊಂದಿಗೆ ವಿವಾಹವಾಯಿತು. ಪ್ರಭಾವತಿಯವರ ತಂದೆ ಬ್ರಜಕಿಶೋರ್ ಪ್ರಸಾದ್ ಹೆಸರಾಂತ ವಕೀಲರು, ಚಂಪಾರಣ್ ಸತ್ಯಾಗ್ರಹದಲ್ಲಿ ಗಾಂಧೀಜಿಯ ಜೊತೆ ದುಡಿದವರು.

ಎಲ್ಲವೂ ಸರಿಯಾಗಿ ನಡೆದಿದ್ದರೆ ವಿದ್ಯಾರ್ಥಿವೇತನದ ಬಲದಲ್ಲಿ ಪದವಿ, ಬಳಿಕ ಸರ್ಕಾರಿ ಹುದ್ದೆ ಎಂಬ ನೇರ ದಾರಿ ಅವರ ಮುಂದಿತ್ತು. 1921ರ ಆರಂಭದಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದ್ ಪಟ್ನಾದಲ್ಲಿ ಮಾಡಿದ ಭಾಷಣ ಆ ದಾರಿಯನ್ನು ತಿರುಗಿಸಿತು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟ ಜಯಪ್ರಕಾಶರು ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿರುವಾಗ ಕಾಲೇಜು ತೊರೆದರು. ವಿದ್ಯಾರ್ಥಿವೇತನವೂ ಅಲ್ಲಿಗೆ ಮುಗಿಯಿತು. ರಾಜೇಂದ್ರ ಪ್ರಸಾದರು ಕಟ್ಟಿದ್ದ ಬಿಹಾರ ವಿದ್ಯಾಪೀಠವನ್ನು ಸೇರಿ ಅಲ್ಲಿ ಲಭ್ಯವಿದ್ದ ಶಿಕ್ಷಣವನ್ನು ಮುಗಿಸಿದರು.

ಅಮೆರಿಕವೇ ಏಕೆ?

ಮುಂದೇನು ಎಂಬ ಪ್ರಶ್ನೆ ಆಗ ಎದುರಾಯಿತು. ವಿದ್ಯಾಪೀಠದಲ್ಲಿ ಉನ್ನತ ವಿಜ್ಞಾನ ಶಿಕ್ಷಣಕ್ಕೆ ಅವಕಾಶವಿರಲಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇತ್ತು. ಆದರೆ ಅದಕ್ಕೂ ಸರ್ಕಾರದ ಅನುದಾನ ಬರುತ್ತಿದ್ದ ಕಾರಣ ಅಲ್ಲಿಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಬ್ರಿಟಿಷರ ಕಾಲೇಜನ್ನು ಬಹಿಷ್ಕರಿಸಿದವನು ಇಂಗ್ಲೆಂಡಿಗೆ ಹೋಗಿ ಓದುವ ಮಾತಂತೂ ಇಲ್ಲವೇ ಇಲ್ಲ. ಉಳಿದ ದಾರಿ ಅಮೆರಿಕ.

ಅಮೆರಿಕದ ಬಗ್ಗೆ ಆ ಕಾಲದ ಭಾರತೀಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ನಂಬಿಕೆಯೂ ಇತ್ತು. ಅಲ್ಲಿ ದುಡಿಯುತ್ತ ಓದಬಹುದು, ಮನೆಯಿಂದ ಹಣ ಬಾರದಿದ್ದರೂ ಪದವಿ ಪಡೆಯಬಹುದು ಎಂಬುದು ಆ ನಂಬಿಕೆ. ಇಂಗ್ಲೆಂಡಿಗೆ ಹೋಗುತ್ತಿದ್ದವರು ಬಹುಮಟ್ಟಿಗೆ ಉಳ್ಳವರ ಮಕ್ಕಳು. ಹಣವಿಲ್ಲದೆ ಧೈರ್ಯ ಮಾತ್ರ ಇದ್ದ ಯುವಕರಿಗೆ ಅಮೆರಿಕ ಆಸರೆಯಂತೆ ಕಾಣುತ್ತಿತ್ತು.

ಪತಿಯೊಂದಿಗೆ ಪ್ರಭಾವತಿ ಹೋಗಲಿಲ್ಲ. ಅವರು ಗಾಂಧೀಜಿಯ ಸಾಬರಮತಿ ಆಶ್ರಮದಲ್ಲಿ ನೆಲೆಸಿದರು. ಜಯಪ್ರಕಾಶರು ಜಾನಸ್ ಎಂಬ ಸರಕು ಹಡಗನ್ನೇರಿದರು. ಪ್ರಯಾಣಿಕರ ಹಡಗಿನ ಸುಖ ಅದರಲ್ಲಿರಲಿಲ್ಲ.

ವಿದ್ಯಾರ್ಥಿಗೆ ಬಾಗಿಲು, ಕೂಲಿಗೆ ಬೀಗ

ಜಯಪ್ರಕಾಶರು ಕಾಲಿಟ್ಟ ಕ್ಯಾಲಿಫೋರ್ನಿಯಾ ಭಾರತೀಯರ ಪಾಲಿಗೆ ಸೌಹಾರ್ದದ ನೆಲವೇನೂ ಆಗಿರಲಿಲ್ಲ. 1917ರ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ಕೂಲಿಕಾರರು ಬರುವುದನ್ನು ನಿಷೇಧಿಸಿತ್ತು. ಆದರೆ ವಿದ್ಯಾರ್ಥಿಗಳಿಗೆ ವಿನಾಯಿತಿ ಇತ್ತು. ಕೂಲಿಯಾಗಿ ಬಂದರೆ ಬಂದರಿನಲ್ಲೇ ತಡೆ, ವಿದ್ಯಾರ್ಥಿಯಾಗಿ ಬಂದರೆ ಪ್ರವೇಶ. ವಿಪರ್ಯಾಸವೆಂದರೆ ಹಾಗೆ ಬಂದ ಬಡ ವಿದ್ಯಾರ್ಥಿ ಓದು ಮುಂದುವರಿಸಬೇಕಾದರೆ ಕೂಲಿಯನ್ನೇ ಮಾಡಬೇಕಿತ್ತು.

ನಿಷೇಧಕ್ಕೆ ಮೊದಲು ಬಂದು ನೆಲೆಸಿದ್ದ ಪಂಜಾಬಿನ ರೈತಾಪಿ ಜನ ಕ್ಯಾಲಿಫೋರ್ನಿಯಾದ ಕಣಿವೆಗಳ ತೋಟಗಳಲ್ಲಿ ದುಡಿಯುತ್ತಿದ್ದರು. ಹತ್ತಾರು ಜನರ ಒಂದೊಂದು ತಂಡ. ಇಂಗ್ಲಿಷ್ ಬಲ್ಲ ಮೇಸ್ತ್ರಿಯೊಬ್ಬ ತೋಟದ ಮಾಲೀಕನೊಂದಿಗೆ ಕೂಲಿ ಕುದುರಿಸುತ್ತಿದ್ದ, ಲೆಕ್ಕ ಇಡುತ್ತಿದ್ದ. ತಂಡದವರು ಒಟ್ಟಿಗೆ ಅಡುಗೆ ಮಾಡಿಕೊಂಡು ಒಟ್ಟಿಗೆ ಮಲಗುತ್ತಿದ್ದರು. ಒಂದು ತೋಟದ ಕಟಾವು ಮುಗಿದರೆ ಇನ್ನೊಂದು ತೋಟಕ್ಕೆ ಪಯಣ. ಬರ್ಕ್ಲಿಯ ಭಾರತೀಯ ವಿದ್ಯಾರ್ಥಿಗಳು ರಜೆಯಲ್ಲಿ ಇಂತಹ ತಂಡಗಳನ್ನು ಸೇರುವುದು ಆಗಲೇ ರೂಢಿಯಾಗಿತ್ತು. ಹೊಸಬನಿಗೆ ಕೆಲಸ ಸಿಗುತ್ತಿದ್ದುದು ಪತ್ರಿಕೆಯ ಜಾಹೀರಾತಿನಿಂದಲ್ಲ, ತನ್ನ ದೇಶದವರ ಬಾಯಿಮಾತಿನಿಂದ. 1913ರಲ್ಲಿ ಹುಟ್ಟಿದ ಗದರ್ ಚಳವಳಿಯೂ ವಿದ್ಯಾರ್ಥಿ ಮತ್ತು ಕೂಲಿಗಾರರ ಇದೇ ಒಡನಾಟದಲ್ಲಿ ಬೆಳೆದದ್ದು.

ಜಯಪ್ರಕಾಶರಂತೆ ದುಡಿದು ಓದಿದ ಭಾರತೀಯರು ಅಮೆರಿಕದಲ್ಲಿ ಇನ್ನೂ ಹಲವರಿದ್ದರು. 1920ರಲ್ಲಿ ಬಂದಿದ್ದ ದಲೀಪ್ ಸಿಂಗ್ ಸೌಂಧ್ ಬೇಸಿಗೆಯಲ್ಲಿ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ದುಡಿಯುತ್ತಲೇ ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಪಡೆದರು. ಮುಂದೆ 1956ರಲ್ಲಿ ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆಗೆ ಆಯ್ಕೆಯಾದ ಮೊದಲ ಏಷ್ಯಾ ಮೂಲದವರು ಅವರೇ. ದೇಶದ ಇನ್ನೊಂದು ತುದಿಯ ಬಾಸ್ಟನ್ನಿನಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅದೇ ದಶಕದಲ್ಲಿ ಆಸ್ಪತ್ರೆಯೊಂದರ ರಾತ್ರಿ ಪಾಳಿಯ ಸಹಾಯಕರಾಗಿ ದುಡಿದು ಹಾರ್ವರ್ಡ್‌ನಲ್ಲಿ ಓದಿದರು. ವೈದ್ಯವಿಜ್ಞಾನದ ಇತಿಹಾಸದಲ್ಲಿ ಅವರ ಹೆಸರು ಉಳಿಯಿತು.

ತೋಟ, ಕಾರ್ಖಾನೆ, ಅಡುಗೆಮನೆ

ಜಯಪ್ರಕಾಶರ ಮೊದಲ ಕೆಲಸ ದ್ರಾಕ್ಷಿಯದು. ಗೊಂಚಲು ಬಿಡಿಸುವುದು, ಅವುಗಳನ್ನು ಬಿಸಿಲಿನಲ್ಲಿ ಒಣಗಲು ಹರಡುವುದು, ಒಣದ್ರಾಕ್ಷಿಯಾದ ಬಳಿಕ ಎತ್ತುವುದು. ನೋಡಲು ಸುಲಭ. ಆದರೆ ಹಗಲಿಡೀ ಬಗ್ಗಿ ನಿಂತು ಮಾಡುವ ಈ ಕೆಲಸ ಸೊಂಟದ ಬಲವನ್ನು ಪರೀಕ್ಷಿಸುತ್ತದೆ. ಮೋಡ ಕವಿದು ಮಳೆ ಬಂದರೆ ಒಣಗಲು ಹಾಕಿದ ಹಣ್ಣು ಹಾಳು. ಹಾಗಾಗಿ ಸುಗ್ಗಿಯಲ್ಲಿ ವಾರದ ರಜೆಯ ಪ್ರಶ್ನೆಯೇ ಇಲ್ಲ. ಕೆಲಸವಿದ್ದಷ್ಟು ದಿನ ಕೂಲಿ, ಸುಗ್ಗಿ ಮುಗಿದ ಮರುದಿನ ಬರಿಗೈ.

ಮುಂದಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳ ಪಟ್ಟಿ ಉದ್ದವಾಗಿದೆ. ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದರು. ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದರು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದರು. ಕಸಾಯಿಖಾನೆಯಲ್ಲೂ ಕೆಲಸ ಮಾಡಿದರು. ಲೋಷನ್ ಮಾರಿದರು. ಪಾಠ ಹೇಳಿಕೊಡುವ ಪ್ರಯತ್ನವನ್ನೂ ಮಾಡಿದರು.

ಈ ಪಟ್ಟಿಯಲ್ಲಿ ಒಂದು ಕ್ರಮವನ್ನು ಹುಡುಕಿದರೆ ಸಿಗದು. ಯಾವ ಕೆಲಸವೂ ಮುಂದಿನ ಕೆಲಸಕ್ಕೆ ಮೆಟ್ಟಿಲಾಗಿರಲಿಲ್ಲ. ಬಿಡಿಗೆಲಸ ನಂಬಿ ಓದುವ ವಿದ್ಯಾರ್ಥಿಯ ಬದುಕು ಎಲ್ಲ ಕಾಲದಲ್ಲೂ ಹೀಗೆಯೇ. ಬೇಸಿಗೆ ರಜೆಯಲ್ಲಿ ದುಡಿದು ಕೂಡಿಟ್ಟದ್ದು ಶುಲ್ಕಕ್ಕೆ, ತರಗತಿ ನಡೆಯುವಾಗ ಸಂಜೆ ದುಡಿದದ್ದು ಊಟ ಮತ್ತು ಬಾಡಿಗೆಗೆ. ಎರಡರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ.

ಕಸಾಯಿಖಾನೆಯ ಕೆಲಸವಾಗಲಿ, ಪರರ ಎಂಜಲು ತಟ್ಟೆ ತೊಳೆಯುವುದಾಗಲಿ ಅಂದಿನ ಬಿಹಾರದ ಕಾಯಸ್ಥ ಯುವಕನೊಬ್ಬ ಊರಿನಲ್ಲಿ ಕನಸಿನಲ್ಲೂ ನೆನೆಯದ ವಿಷಯ. ಭಾರತದಲ್ಲಿ ಆ ಕೆಲಸಗಳಿಗೆ ಜಾತಿ ಅಂಟಿಕೊಂಡಿತ್ತು. ಅಮೆರಿಕದಲ್ಲಿ ಅವುಗಳಿಗೆ ಗಂಟೆಗಿಷ್ಟು ಎಂಬ ಬೆಲೆ ಮಾತ್ರ ಇತ್ತು. ಬೆಳಿಗ್ಗೆ ತಟ್ಟೆ ತೊಳೆದವನು ಮಧ್ಯಾಹ್ನ ತರಗತಿಯಲ್ಲಿ ಎಲ್ಲರ ಸಮಕ್ಕೆ ಕುಳಿತುಕೊಳ್ಳಬಹುದಿತ್ತು. ಸಮಾನತೆ ಎಂಬುದು ಪುಸ್ತಕದ ಮಾತಾಗಿ ಉಳಿಯದೆ ಅನುಭವವಾಗಿ ಜಯಪ್ರಕಾಶರಿಗೆ ದಕ್ಕಿದ್ದು ಇಲ್ಲಿ.

ಹಾಗೆಂದು ಅಮೆರಿಕ ಸಮಾನತೆಯ ಸ್ವರ್ಗವಾಗಿತ್ತೆಂದು ಭಾವಿಸಬೇಕಿಲ್ಲ. ಅವರು ಬರ್ಕ್ಲಿಗೆ ಸೇರಿದ ಮರು ತಿಂಗಳೇ, 1923ರ ಫೆಬ್ರುವರಿ 19ರಂದು, ಅಲ್ಲಿನ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಥಿಂಡ್ ಕೂಡ ಓದಲೆಂದು ಬಂದವರೇ. ಮರದ ಮಿಲ್ಲುಗಳಲ್ಲಿ ದುಡಿದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ಧರಿಸಿದವರು. ಈ ತೀರ್ಪಿನ ನಂತರ ಕ್ಯಾಲಿಫೋರ್ನಿಯಾದ ಭಾರತೀಯ ರೈತರು ಜಮೀನು ಕೊಳ್ಳುವ, ಗೇಣಿಗೆ ಪಡೆಯುವ ಹಕ್ಕನ್ನೂ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ. ದುಡಿಮೆಗೆ ಬೆಲೆ ಇದೆ, ದುಡಿಯುವವನಿಗೆ ಹಕ್ಕಿಲ್ಲ ಎಂಬ ಈ ದ್ವಂದ್ವ ಯುವ ಜಯಪ್ರಕಾಶರ ಕಣ್ಣೆದುರಿಗೇ ಇತ್ತು.

ಶುಲ್ಕ ದುಪ್ಪಟ್ಟಾದಾಗ

ಬರ್ಕ್ಲಿಯಲ್ಲಿ ಅವರು ಆರಿಸಿಕೊಂಡದ್ದು ರಸಾಯನ ವಿಜ್ಞಾನ. ಒಂದು ಅವಧಿಯ ಓದು ಮುಗಿಯುವಷ್ಟರಲ್ಲಿ ವಿಶ್ವವಿದ್ಯಾಲಯದ ಶುಲ್ಕ ದುಪ್ಪಟ್ಟಾಯಿತು. ದ್ರಾಕ್ಷಿ ತೋಟದ ಕೂಲಿಯಿಂದ ಅದನ್ನು ಭರಿಸುವಂತಿರಲಿಲ್ಲ. ಕಡಿಮೆ ಖರ್ಚಿನ ವಿಶ್ವವಿದ್ಯಾಲಯವನ್ನು ಅರಸಿ ಅವರು ಅಯೋವಾಕ್ಕೆ ಹೋದರು. ಪೆಸಿಫಿಕ್ ತೀರದ ಹಿತವಾದ ಹವೆಯಿಂದ ಹಿಮ ಸುರಿಯುವ ಮಧ್ಯ ಅಮೆರಿಕಕ್ಕೆ ಈ ಸ್ಥಳಾಂತರ. ಅಲ್ಲಿಂದ ವಿಸ್ಕಾನ್ಸಿನ್, ಕೊನೆಗೆ ಒಹಾಯೊ. ನಾಲ್ಕು ರಾಜ್ಯಗಳ ವಿಶ್ವವಿದ್ಯಾಲಯಗಳ ದಾಖಲೆ ಪುಸ್ತಕಗಳಲ್ಲಿ ಅವರ ಹೆಸರಿದೆ. ಇಂದಿನ ಓದುಗರಿಗೆ ಇದು ಚಂಚಲತೆಯಂತೆ ಕಾಣಬಹುದು. ಅಸಲಿಗೆ ಇದು ಹಣದ ಅಡಚಣೆ ಬರೆದ ನಕ್ಷೆ.

ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಅವರ ಬದುಕು ಇನ್ನೊಂದು ತಿರುವು ಪಡೆಯಿತು. ಮಾರ್ಕ್ಸ್‌ನ ಕ್ಯಾಪಿಟಲ್ ಗ್ರಂಥದ ಪರಿಚಯ ಅವರಿಗಾದದ್ದು ಇಲ್ಲಿ. ರಷ್ಯಾದ ಕ್ರಾಂತಿಯ ಸುದ್ದಿ ಜಗತ್ತಿನ ಯುವಕರನ್ನು ಸೆಳೆಯುತ್ತಿದ್ದ ಕಾಲ ಅದು. ಎಂ.ಎನ್. ರಾಯ್ ಅವರ ಬರಹಗಳೂ ಕೈ ಸೇರಿದವು. ಕೂಲಿ, ಲಾಭ, ದುಡಿಮೆಯ ಅವಧಿ ಎಂಬ ಪದಗಳು ಆ ಗ್ರಂಥದಲ್ಲಿ ಸಿದ್ಧಾಂತ. ಡಬ್ಬಿ ಕಾರ್ಖಾನೆಯಲ್ಲಿ ನಿಂತು ಬಂದ ವಿದ್ಯಾರ್ಥಿಗೆ ಅವು ತನ್ನದೇ ದಿನಚರಿಯ ಹೆಸರುಗಳು. ಶ್ರೀಮಂತ ಮನೆತನದಿಂದ ಬಂದು ಗ್ರಂಥಾಲಯದಲ್ಲಿ ಸಮಾಜವಾದಿಗಳಾದವರು ಹಲವರಿದ್ದಾರೆ. ಜಯಪ್ರಕಾಶರು ಸಮಾಜವಾದವನ್ನು ಓದುವ ಮೊದಲೇ ಕೂಲಿಯ ಸಾಲಿನಲ್ಲಿ ನಿಂತಿದ್ದರು.

ರಸಾಯನ ವಿಜ್ಞಾನ ಹಿಂದೆ ಸರಿಯಿತು, ಸಮಾಜಶಾಸ್ತ್ರ ಮುಂದೆ ಬಂತು. ಇದರಲ್ಲಿ ಅವರಿಗೆ ನೆರವಾದವರು ವಿಸ್ಕಾನ್ಸಿನ್‌ನ ಹೆಸರಾಂತ ಪ್ರಾಧ್ಯಾಪಕ ಎಡ್ವರ್ಡ್ ರಾಸ್. ಇದೇ ರಾಸ್ 1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡಿದ್ದರು. ಏಷ್ಯಾದ ಕೂಲಿಗಾರರ ವಲಸೆಯನ್ನು ವಿರೋಧಿಸಿ ಮಾತನಾಡಿದ್ದು ಅದಕ್ಕೆ ಒಂದು ಕಾರಣವಾಗಿತ್ತು. ಕಾಲು ಶತಮಾನದ ಬಳಿಕ ಏಷ್ಯಾದಿಂದ ಬಂದು ಕೂಲಿ ಮಾಡಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಅವರ ಮೆಚ್ಚುಗೆಗೆ ಪಾತ್ರನಾದ.

ಹಾಸಿಗೆ ಹಿಡಿದ ದಿನಗಳು

ದುಡಿದು ಓದಿದವರ ಕಥೆಗಳನ್ನು ಹೇಳುವಾಗ ಸಾಮಾನ್ಯವಾಗಿ ಸೋಲಿನ ಪುಟಗಳನ್ನು ಬಿಟ್ಟುಬಿಡುವುದುಂಟು. ಜಯಪ್ರಕಾಶರ ಬದುಕಿನಲ್ಲಿ ಆ ಪುಟ ಷಿಕಾಗೊ ನಗರದ್ದು. ಮಾರ್ಕ್ಸ್‌ವಾದ ಒಪ್ಪಿಕೊಂಡ ಬಳಿಕ ರಷ್ಯಾಕ್ಕೆ ಹೋಗಿ ಕಲಿಯುವ ಆಸೆ ಅವರಲ್ಲಿ ಚಿಗುರಿತ್ತು. ಪ್ರಯಾಣಕ್ಕೆ ಹಣ ಸಂಪಾದಿಸಬೇಕೆಂದು ಷಿಕಾಗೊದಲ್ಲಿ ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ಅವರು ತೀವ್ರವಾಗಿ ಕಾಯಿಲೆ ಬಿದ್ದರು. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ.

ಬಿಡಿಗೆಲಸದ ವಿದ್ಯಾರ್ಥಿಗೆ ಕಾಯಿಲೆಗಿಂತ ದೊಡ್ಡ ಶತ್ರು ಇಲ್ಲ. ಕೆಲಸಕ್ಕೆ ಹೋಗದ ದಿನ ಸಂಬಳವಿಲ್ಲ. ಸಂಬಳವಿಲ್ಲದ ದಿನವೂ ಬಾಡಿಗೆ ನಿಲ್ಲುವುದಿಲ್ಲ. ಅದರ ಮೇಲೆ ವೈದ್ಯರ ಖರ್ಚು. ಸಾಲ ಬೆಳೆಯಿತು. ಅದನ್ನು ತೀರಿಸಲು ಕೊನೆಗೆ ಊರಿನ ತಂದೆಯೇ ಹಣ ಹೊಂದಿಸಬೇಕಾಯಿತು. ಕಾಲುವೆ ಇಲಾಖೆಯ ಕಿರಿಯ ಅಧಿಕಾರಿಯ ಸಂಸಾರಕ್ಕೆ ಡಾಲರ್ ಲೆಕ್ಕದ ಸಾಲ ಎಷ್ಟು ಭಾರವಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ಯಾರ ಹಂಗಿಲ್ಲದೆ ಓದುತ್ತೇನೆಂದು ಹೊರಟ ಮಗ ಮನೆಗೆ ಕೈ ಚಾಚಬೇಕಾದ ಆ ಗಳಿಗೆ ಅವನಿಗೂ ಹಗುರವಾಗಿರಲಾರದು.

ರಷ್ಯಾ ಯಾತ್ರೆಯ ಕನಸು ಅಲ್ಲಿಗೆ ನಿಂತಿತು. ಹಿರಿಯರೂ ಅದನ್ನು ಒಪ್ಪಲಿಲ್ಲ. ಮೊದಲು ಓದು ಮುಗಿಸುವ ಕಡೆ ಜಯಪ್ರಕಾಶರು ಮನಸ್ಸು ತಿರುಗಿಸಿದರು.

ಒಹಾಯೊದಲ್ಲಿ ಫಲ

ಅಮೆರಿಕ ವಾಸದ ಕೊನೆಯ ಘಟ್ಟ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಳೆಯಿತು. ಇಲ್ಲಿ ಪರಿಸ್ಥಿತಿ ಕೊಂಚ ಸುಧಾರಿಸಿತು. ಪ್ರತಿಭೆಯನ್ನು ಗುರುತಿಸಿದ ವಿಭಾಗ ಅವರಿಗೆ ನೆರವು ನೀಡಿತು, ಬೋಧನೆಯಲ್ಲಿ ಸಹಾಯಕನ ಕೆಲಸವೂ ದೊರೆಯಿತು. ತಟ್ಟೆ ತೊಳೆಯುವ ತೊಟ್ಟಿಯಿಂದ ತರಗತಿಯ ಕರಿಹಲಗೆಯವರೆಗೆ ಬರಲು ಅವರಿಗೆ ಹಲವು ವರ್ಷ ಹಿಡಿದಿತ್ತು. ಕೈಗೆಲಸಕ್ಕಾಗಿ ಅಲೆಯುವ ಅಗತ್ಯ ತಪ್ಪಿದ ಕೂಡಲೇ ಓದು ವೇಗ ಪಡೆಯಿತು.

1929ರಲ್ಲಿ ಅವರು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದರು. ಸಾಂಸ್ಕೃತಿಕ ಭಿನ್ನತೆಯನ್ನು ಕುರಿತು ಅವರು ಬರೆದ ಪ್ರಬಂಧ ಆ ವರ್ಷದ ಅತ್ಯುತ್ತಮ ಪ್ರಬಂಧವೆಂದು ಮನ್ನಣೆ ಪಡೆಯಿತು. ಡಾಕ್ಟರೇಟ್ ಮಾಡುವ ಬಯಕೆ ಇತ್ತು. ಆದರೆ ತಾಯಿಯ ಅನಾರೋಗ್ಯದ ಸುದ್ದಿ ಬಂತು. ಏಳು ವರ್ಷಗಳ ಪರದೇಶ ವಾಸವನ್ನು ಮುಗಿಸಿ ಅವರು ಅದೇ ವರ್ಷದ ಕೊನೆಯ ಭಾಗದಲ್ಲಿ ಸ್ವದೇಶಕ್ಕೆ ಮರಳಿದರು. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಷೇರುಪೇಟೆ ಕುಸಿದು, ಅಮೆರಿಕದವರೇ ಕೆಲಸಕ್ಕಾಗಿ ಬೀದಿಯಲ್ಲಿ ಸಾಲು ನಿಲ್ಲುವ ಕಾಲ ಬಂತು. ದುಡಿದು ಓದುವ ಅವಕಾಶವೂ ಆ ಹೊಡೆತಕ್ಕೆ ಸಿಲುಕಿತು.

ಕಾಯ್ದವರ ಪಾಲು

ಈ ಏಳು ವರ್ಷಗಳ ಬೆಲೆ ತೆತ್ತವರು ಜಯಪ್ರಕಾಶರು ಮಾತ್ರವಲ್ಲ. ಪ್ರಭಾವತಿಯವರು ಪತಿ ಹೋದಾಗ ಇನ್ನೂ ಹದಿಹರೆಯದವರು. ಸಾಬರಮತಿಯಲ್ಲಿ ಗಾಂಧೀಜಿ ಮತ್ತು ಕಸ್ತೂರಬಾ ಅವರ ಮಗಳಂತೆ ಬೆಳೆದರು. ಆಶ್ರಮದ ಬದುಕಿನ ಪ್ರಭಾವದಿಂದ ಬ್ರಹ್ಮಚರ್ಯ ವ್ರತ ಸ್ವೀಕರಿಸಿದರು. ಮಾರ್ಕ್ಸ್‌ವಾದಿಯಾಗಿ ಮರಳಿದ ಪತಿಗೂ ಗಾಂಧಿಮಾರ್ಗ ಹಿಡಿದ ಪತ್ನಿಗೂ ನಡುವೆ ಒಂದು ಸಾಗರದಷ್ಟು ಅಂತರ ಬೆಳೆದಿತ್ತು. ಜಯಪ್ರಕಾಶರು ಪತ್ನಿಯ ವ್ರತವನ್ನು ಗೌರವಿಸಿದರು. 1973ರಲ್ಲಿ ಪ್ರಭಾವತಿಯವರು ತೀರಿಕೊಳ್ಳುವವರೆಗೆ ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿ ಬಾಳಿದರು.

ಕಾರ್ಮಿಕರ ಕಡೆಗೆ

ಅಮೆರಿಕದ ಪದವಿ ಹಿಡಿದು ಬಂದ ಯುವಕನಿಗೆ ಉದ್ಯೋಗ ಕಷ್ಟವಾಗಿರಲಿಲ್ಲ. ಆದರೆ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇರೆಗೆ ಕಾಂಗ್ರೆಸ್ ಸೇರಿದ ಜಯಪ್ರಕಾಶರು ಅಲ್ಲಿ ಕೈಗೆತ್ತಿಕೊಂಡದ್ದು ಕಾರ್ಮಿಕರಿಗೆ ಸಂಬಂಧಿಸಿದ ಕೆಲಸವನ್ನು. 1932ರಲ್ಲಿ ಬಂಧನಕ್ಕೊಳಗಾಗಿ ನಾಸಿಕ್ ಜೈಲು ಸೇರಿದಾಗ ಅಲ್ಲಿ ಮಿನೂ ಮಸಾನಿ, ಅಚ್ಯುತ ಪಟವರ್ಧನ್, ಅಶೋಕ ಮೆಹ್ತಾ ಮೊದಲಾದವರ ಒಡನಾಟ ದೊರೆಯಿತು. ಆ ಚರ್ಚೆಗಳ ಫಲವಾಗಿ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಹುಟ್ಟಿತು. ಆಚಾರ್ಯ ನರೇಂದ್ರ ದೇವ ಅಧ್ಯಕ್ಷರು, ಜಯಪ್ರಕಾಶರು ಪ್ರಧಾನ ಕಾರ್ಯದರ್ಶಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಈ ಪಕ್ಷದ ಮುಂಚೂಣಿಯ ನಾಯಕಿಯಾಗಿದ್ದರು.

1942ರ ನವೆಂಬರ್ 9ರ ದೀಪಾವಳಿಯ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆಯನ್ನು ಸಂಗಾತಿಗಳೊಂದಿಗೆ ದಾಟಿ ತಪ್ಪಿಸಿಕೊಂಡ ಘಟನೆ ಅವರನ್ನು ಮನೆಮಾತಾಗಿಸಿತು. ಸ್ವಾತಂತ್ರ್ಯ ಬಂದಾಗ ಅಧಿಕಾರದ ಹತ್ತಿರ ಹೋಗುವ ಬದಲು 1947ರಿಂದ 1953ರವರೆಗೆ ಅಖಿಲ ಭಾರತ ರೈಲ್ವೆ ಕಾರ್ಮಿಕರ ಒಕ್ಕೂಟದ ಅಧ್ಯಕ್ಷರಾಗಿ ದುಡಿದರು. ರೈಲು ಹಳಿಯ ಬದಿಯ ಗ್ಯಾಂಗ್‌ಮನ್‌ನ ಕಷ್ಟ ಅವರಿಗೆ ವರದಿಗಳಿಂದ ತಿಳಿಯಬೇಕಾಗಿರಲಿಲ್ಲ. ದಿನಗೂಲಿಯ ರುಚಿಯನ್ನು ಅವರು ತಾವೇ ಕಂಡಿದ್ದರು.

ಸಿದ್ಧಾಂತಗಳು ಬದಲಾದವು. ಮಾರ್ಕ್ಸ್‌ವಾದದಿಂದ ಪ್ರಜಾಸತ್ತಾತ್ಮಕ ಸಮಾಜವಾದಕ್ಕೆ, ಅಲ್ಲಿಂದ ಗಾಂಧಿ ಮತ್ತು ವಿನೋಬಾ ಅವರ ಸರ್ವೋದಯಕ್ಕೆ ಅವರು ನಡೆದರು. 1954ರಲ್ಲಿ ಭೂದಾನ ಚಳವಳಿಗೆ ಬದುಕನ್ನೇ ಅರ್ಪಿಸಿದರು. 1965ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಾರ್ಗ ಬದಲಿಸಿದರೆಂದು ಟೀಕಿಸಿದವರುಂಟು. ಆದರೆ ದುಡಿಯುವವನ ಘನತೆಯ ಬಗೆಗಿನ ಅವರ ನಿಲುವು ಮಾತ್ರ ಬದಲಾಗಲಿಲ್ಲ.

1974ರಲ್ಲಿ ಬೆಲೆಯೇರಿಕೆ, ನಿರುದ್ಯೋಗ, ಭ್ರಷ್ಟಾಚಾರಗಳ ವಿರುದ್ಧ ಬೀದಿಗಿಳಿದ ಬಿಹಾರದ ವಿದ್ಯಾರ್ಥಿಗಳು ನಾಯಕತ್ವಕ್ಕಾಗಿ ಎಪ್ಪತ್ತು ದಾಟಿದ ಜೆ.ಪಿ.ಯವರ ಮನೆ ಬಾಗಿಲು ತಟ್ಟಿದರು. ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ಅವರು ಸಂಪೂರ್ಣ ಕ್ರಾಂತಿಯ ಕರೆ ನೀಡಿದರು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಹೇರಿದಾಗ ಬಂಧಿತರಾದ ಅವರನ್ನು ಚಂಡೀಗಢದಲ್ಲಿ ಇರಿಸಲಾಯಿತು. ಆರೋಗ್ಯ ಹದಗೆಟ್ಟು ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಮೂತ್ರಪಿಂಡಗಳು ವಿಫಲವಾಗಿದ್ದವು. 1977ರ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಾಗ ಯಾವ ಹುದ್ದೆಯನ್ನೂ ಅವರು ಬಯಸಲಿಲ್ಲ.

ಇಂದಿಗೂ ಅದೇ ಲೆಕ್ಕ

ಶತಮಾನ ಕಳೆದಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಓದಲು ವಿದೇಶಕ್ಕೆ ಹೊರಡುವ ಯುವಜನ ಈಗ ಸರಕು ಹಡಗು ಏರಬೇಕಿಲ್ಲ. ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಯ ದುಡಿಮೆಗೆ ಈಗ ಸ್ಪಷ್ಟ ನಿಯಮಗಳಿವೆ. ತರಗತಿ ನಡೆಯುವ ಅವಧಿಯಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆಗಳ ಮಿತಿ. ಹೊರಗೆ ಸಿಕ್ಕ ಸಿಕ್ಕ ಕಡೆ ಕೂಲಿ ಮಾಡುವ ಸ್ವಾತಂತ್ರ್ಯ ಇಲ್ಲ. ಜಯಪ್ರಕಾಶರಂತೆ ತೋಟ, ಗ್ಯಾರೇಜು, ಹೋಟೆಲು ಎಂದು ಅಲೆದರೆ ವೀಸಾಕ್ಕೇ ಕುತ್ತು.

ಆದರೆ ಗ್ರಂಥಾಲಯದ ಮೇಜಿನಲ್ಲೋ ಭೋಜನಶಾಲೆಯ ಹಿಂಬದಿಯಲ್ಲೋ ಬೋಧನಾ ಸಹಾಯಕನಾಗಿಯೋ ಒಂದು ಕೆಲಸ ಸಿಕ್ಕೀತೇ ಎಂದು ಹುಡುಕುವ ವಿದ್ಯಾರ್ಥಿಯ ಆತಂಕ ಹಳೆಯದೇ. ಕೆಲಸದ ಸುಳಿವು ಇಂದಿಗೂ ಮೊದಲು ಸಿಗುವುದು ಸೀನಿಯರ್‌ಗಳ ಬಾಯಿಂದ. ಶುಲ್ಕ ಏರಿದರೆ ಲೆಕ್ಕ ತಪ್ಪುತ್ತದೆ. ಕಾಯಿಲೆ ಬಿದ್ದರೆ ಊರಿನ ಅಪ್ಪನೇ ಗತಿ. ಮನೆಯವರು ಸಾಲ ಮಾಡಿ ಕಳುಹಿಸಿದ್ದಾರೆ ಎಂಬ ಅರಿವು ಪ್ರತಿ ತಿಂಗಳೂ ಎದೆಯ ಮೇಲೆ ಕೂರುತ್ತದೆ. ಜಯಪ್ರಕಾಶರ ಬದುಕು ಅಂಥವರಿಗೆ ಸುಲಭದ ಸಮಾಧಾನ ಹೇಳುವುದಿಲ್ಲ. ನಾಲ್ಕೈದು ವರ್ಷದ ಓದು ಅವರಿಗೆ ಏಳು ವರ್ಷ ಹಿಡಿಯಿತು. ದೇಹ ಸೋತಿತು, ಡಾಕ್ಟರೇಟ್ ಕೈತಪ್ಪಿತು. ಕಳೆದುಹೋದ ಕಾಲವನ್ನು ವ್ಯರ್ಥವಾಗಲು ಬಿಡದಿದ್ದುದು ಅವರ ದೊಡ್ಡತನ.

ರಸಾಯನ ವಿಜ್ಞಾನ ಕಲಿಯಲು ಹೋದ ಯುವಕ ಆ ಪದವಿಯಿಲ್ಲದೆ ಮರಳಿದ. ಆದರೆ ದ್ರಾಕ್ಷಿ ತೋಟ, ಡಬ್ಬಿ ಕಾರ್ಖಾನೆ, ಹೋಟೆಲಿನ ಅಡುಗೆಮನೆಗಳು ಕಲಿಸಿದ್ದನ್ನು ಮರೆಯದೆ ಮರಳಿದ. ಅಧಿಕಾರ ಹತ್ತಿರ ಬಂದಾಗಲೆಲ್ಲ ದೂರ ಸರಿದು ದುಡಿಯುವ ಜನರ ನಡುವೆ ನಿಂತ ಅವರ ನಿಲುವಿನ ಬೇರುಗಳನ್ನು ಅಲ್ಲಿಯೂ ಹುಡುಕಬೇಕು.

ಜಯಪ್ರಕಾಶರು ಪಟ್ನಾದಲ್ಲಿ ಕೊನೆಯುಸಿರೆಳೆದದ್ದು 1979ರ ಅಕ್ಟೋಬರ್ 8ರಂದು, 77ನೆಯ ಹುಟ್ಟುಹಬ್ಬಕ್ಕೆ ಮೂರು ದಿನ ಬಾಕಿ ಇರುವಾಗ. ಮರಣೋತ್ತರವಾಗಿ ಭಾರತ ರತ್ನ ಸಂದಿತು. ಬೆಂಗಳೂರಿನ ಜೆ.ಪಿ. ನಗರ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅವರು ತೀರಿಕೊಂಡ ದಿನಕ್ಕೆ ಸರಿಯಾಗಿ 57 ವರ್ಷಗಳ ಹಿಂದೆ, ಅದೇ ಅಕ್ಟೋಬರ್ 8ರಂದು, ಅವರು ಕ್ಯಾಲಿಫೋರ್ನಿಯಾದ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟಿದ್ದರು. ಅಂದು ಅವರಿಗೆ ಬೇಕಾಗಿದ್ದುದು ಒಂದು ಕೆಲಸ ಮಾತ್ರ.